ಐನೂರು ಪೌಂಡಿನ ಜಗಳ

ವಾರ್ಷಿಕ ಸಂಚಿಕೆಗೆ ಹಳೆ ವಿದ್ಯಾರ್ಥಿಗಳೂ ಏನಾದರೊಂದು ಬರೆದು ಕೊಡಬೇಕೆಂದು ಶಾಲೆಯಿಂದ ಕರೆ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರಬಂಧ ಬರೆದು ಬಹುಮಾನ ಗಳಿಸಿದವರು ನಾವಲ್ಲ. ನಮ್ಮಲ್ಲಿ ಒಬ್ಬನಿಗೆ ಬದಿಯಡ್ಕದ ದಾರಿಯಲ್ಲಿ ಒಂದು ಗ್ಯಾರೇಜು ಇದೆ. ಇನ್ನೊಬ್ಬ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಈಗಲೂ ಅಂಕೆಗಳ ನಡುವೆಯೇ ಇದ್ದಾನೆ. ಹೆಸರು ಹೇಳಿಕೊಳ್ಳುವುದಕ್ಕೆ ಇಬ್ಬರಿಗೂ ಸಂಕೋಚ. ಆದುದರಿಂದ ಶಾಲೆಯಲ್ಲಿ ನಮ್ಮನ್ನು ಕರೆಯುತ್ತಿದ್ದಂತೆಯೇ ಒಬ್ಬನನ್ನು ಗ್ಯಾರೇಜಿನವ ಎಂದೂ ಇನ್ನೊಬ್ಬನನ್ನು ತೋಟದವ ಎಂದೂ ಇಲ್ಲಿ ಬರೆಯುತ್ತೇವೆ. ಲೇಖನಿ ಹಿಡಿದವನು ತೋಟದವ. ಪಕ್ಕದಲ್ಲಿ ಕುಳಿತು ಸರಿ, ತಪ್ಪು ಎನ್ನುತ್ತಿರುವವನು ಗ್ಯಾರೇಜಿನವ. ಬರವಣಿಗೆಯಲ್ಲಿ ಅಲ್ಲಲ್ಲಿ ಗ್ರೀಸಿನ ಕಲೆ ಕಂಡರೆ ವಾಚಕರು ಕ್ಷಮಿಸಬೇಕು.

ನಾವು ಹೇಳಹೊರಟಿರುವುದು ಒಂದು ಕಾರಿನ ವಿಷಯ. ಆ ಕಾರನ್ನು ನಾವು ಇಂದಿನವರೆಗೆ ಕಣ್ಣಿನಿಂದ ಕಂಡಿಲ್ಲ, ಮುಟ್ಟಿಲ್ಲ. ಆದರೂ ಅದರ ತೂಕ, ಬೆಲೆ, ಇಂಜಿನಿನ ಅಳತೆ ಮೂರೂ ನಮಗೆ ಕಂಠಪಾಠ. ಅದರ ಬೆಲೆಗಾಗಿ ನಾವು ಮಾತು ಬಿಟ್ಟದ್ದೂ ಉಂಟು.

1985ರಲ್ಲಿ ನಾವು ಹತ್ತನೆಯ ತರಗತಿಯಲ್ಲಿದ್ದೆವು. ತೋಟದವನ ಸೋದರಮಾವ ಬಹರೈನಿನಲ್ಲಿ ಕೆಲಸಕ್ಕಿದ್ದರು. ಆ ವರ್ಷ ಮಳೆಗಾಲದಲ್ಲಿ ರಜೆಗೆ ಬಂದವರು ಒಂದು ಗಾಜಿನ ಜಗ್ಗು, ಆರು ಲೋಟ ತಂದಿದ್ದರು. ಅವು ಒಡೆಯಬಾರದೆಂದು ಇಂಗ್ಲಿಷ್ ಪತ್ರಿಕೆಯ ಹಾಳೆಗಳನ್ನು ಸುತ್ತಿದ್ದರು. ಮನೆಯವರೆಲ್ಲ ಲೋಟ ನೋಡುತ್ತಿದ್ದಾಗ ನಾವು ಹಾಳೆ ಬಿಡಿಸುತ್ತಿದ್ದೆವು. ಅದರಲ್ಲೊಂದು ಮೋಟಾರು ಪತ್ರಿಕೆಯ ಪುಟ. ಅದರಲ್ಲಿ ಈ ಕಾರು.

ಎಂತಹ ಕಾರು ಎಂದರೆ, ಸ್ನಾನದ ತೊಟ್ಟಿಗೆ ನಾಲ್ಕು ಚಕ್ರ ಜೋಡಿಸಿ ಮುಂದುಗಡೆ ಒಂದು ಉದ್ದ ಪೆಟ್ಟಿಗೆ ಇಟ್ಟಂತೆ. ಚಕ್ರಗಳು ಮೈಯಿಂದ ಹೊರಗೆ, ಸೈಕಲ್ಲಿನ ಮಡ್‌ಗಾರ್ಡಿನಂಥ ಮುಚ್ಚಳ ಹೊದ್ದು ನಿಂತಿವೆ. ಎರಡೇ ಸೀಟು. ಮೇಲೆ ಮಾಡು ಇಲ್ಲ. ಕಾರು ಎಂದರೆ ಅಂಬಾಸಿಡರ್ ಎಂದೇ ತಿಳಿದಿದ್ದ ನಮಗೆ ಇದು ಯಾವ ಜಾತಿಯೆಂದೇ ಅರ್ಥವಾಗಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಮಾಡು ಹಾಕುವ ಮೊದಲೇ ಫೋಟೊ ತೆಗೆದದ್ದಾ? ಆಟಿ ತಿಂಗಳಲ್ಲಿ ಇದರಲ್ಲಿ ಹೋಗುವುದು ಹೇಗೆ ಮಾರಾಯ?" ಎಂದರು. ಇಂದಿಗೂ ಆ ಕಾರಿನ ಮೇಲೆ ನಾವು ಕೇಳಿದ ಅತ್ಯುತ್ತಮ ವಿಮರ್ಶೆ ಅದೇ.

ಹಾಳೆ ನನಗೆ, ನನಗೆ ಎಂದು ಎಳೆದಾಡಿದೆವು. ಮಳೆಗಾಲದ ತೇವಕ್ಕೆ ಮೆತ್ತಗಾಗಿದ್ದ ಕಾಗದ ಮೇಲಿನಿಂದ ಕೆಳಗೆ ನಡುವೆ ಹರಿದು ಎರಡಾಯಿತು. ಇಂಜಿನಿನ ಭಾಗ ತೋಟದವನಿಗೆ, ಹಿಂದಿನ ಚಕ್ರದ ಭಾಗ ಗ್ಯಾರೇಜಿನವನಿಗೆ. ಚಿತ್ರದ ಕೆಳಗೆ ಒಂದು ಪಟ್ಟಿ ಇತ್ತು, ಅದೂ ಎರಡಾಯಿತು. ಅದನ್ನು ಆಗ ನಾವು ಲಕ್ಷಿಸಲಿಲ್ಲ.

ನಮ್ಮ ತರಗತಿಯಲ್ಲಿ ಒಂದು ಭಿತ್ತಿಪತ್ರಿಕೆ ಇತ್ತು. ಡ್ರಾಯಿಂಗ್ ಹಾಳೆಯಲ್ಲಿ ಕೈಬರಹದಿಂದ ಬರೆದು ಅಂಟಿಸುವುದು. ಮುಂದಿನ ವಾರ ತೋಟದವ ಅದರಲ್ಲಿ ಬರೆದ: "ಲೋಟಸ್ ಸೆವೆನ್ ಎಂಬ ಇಂಗ್ಲೆಂಡಿನ ಕಾರು 1957ರಲ್ಲಿ ಹೊರಬಂದಿತು. ಇಬ್ಬರೇ ಕುಳಿತುಕೊಳ್ಳಬಹುದು. ಬೆಲೆ 1036 ಪೌಂಡು." ಮರುದಿನ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗ್ಯಾರೇಜಿನವನ ಅಕ್ಷರ: "ಸುಳ್ಳು. ಬೆಲೆ 536 ಪೌಂಡು."

ಇಷ್ಟಕ್ಕೇ ತರಗತಿ ಎರಡು ಪಕ್ಷವಾಯಿತು. ತೋಟದವನು ದೊಡ್ಡಸ್ತಿಕೆಗಾಗಿ ಬೆಲೆ ಏರಿಸಿದ್ದಾನೆ ಎಂದು ಒಂದು ಪಕ್ಷ. ಗ್ಯಾರೇಜಿನವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಇನ್ನೊಂದು ಪಕ್ಷ. ಎರಡನೆಯ ಮಾತು ಹೆಚ್ಚು ನೋಯಿಸಿತು. ಯಾಕೆಂದರೆ ಅದು ಸ್ವಲ್ಪ ನಿಜವೂ ಆಗಿತ್ತು, ತೋಟದವನ ಬಾಯಿಂದಲೇ ಹೊರಟದ್ದೂ ಆಗಿತ್ತು. ಇಬ್ಬರ ಬಳಿಯೂ ಅಚ್ಚಾದ ಕಾಗದ ಉಂಟು, ಇಬ್ಬರೂ ಓದಿದ್ದು ಸರಿ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ಅದನ್ನು ಮಾಡುವುದಕ್ಕೆ ಇಬ್ಬರ ಹಟವೂ ಬಿಡಲಿಲ್ಲ. ಓಣಂ ಪರೀಕ್ಷೆಯ ಹೊತ್ತಿಗೆ ನಾವು ಮಾತು ಬಿಟ್ಟಿದ್ದೆವು. ಒಂದೇ ಬೆಂಚು, ನಡುವೆ ಒಂದು ಚೀಲದ ಅಂತರ.

ಕಾರಿನ ವಿಷಯ ಇಷ್ಟು ಹೇಳಿದ ಮೇಲೆ ಅದರ ಗುಣವನ್ನೂ ಹೇಳಬೇಕು. ಇವೆಲ್ಲ ನಮಗೆ ಆಗ ಗೊತ್ತಿದ್ದವಲ್ಲ. ಮುಂದೆ ವರ್ಷಗಟ್ಟಲೆ ಓದಿ ತಿಳಿದವು.

ಈ ಕಾರನ್ನು ಮಾಡಿದವರು ಕಾಲಿನ್ ಚಾಪ್‌ಮನ್. 1928ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ, ಸೇತುವೆಗಳ ಇಂಜಿನಿಯರಿಂಗ್ ಕಲಿತವರು. ಸೇತುವೆ ಕಟ್ಟುವವನ ಕಣ್ಣಿನಿಂದ ಕಾರನ್ನು ನೋಡಿದರು ಎಂಬುದೇ ವಿಶೇಷ. ಕಾರು ಬೇಗ ಓಡಬೇಕಾದರೆ ದೊಡ್ಡ ಇಂಜಿನು ಬೇಕು ಎಂದು ಇತರರು ಹೇಳುತ್ತಿದ್ದಾಗ ಇವರು ತೂಕ ಇಳಿಸುವ ದಾರಿ ಹಿಡಿದರು.

ತೂಕ ಇಳಿಸುವುದು ಹೇಗೆ? ದಪ್ಪ ತೊಲೆಗಳ ಚಾಸಿಸಿನ ಬದಲು ತೆಳುವಾದ ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರ ಮಾಡಿದರು. ಅದರ ಮೇಲೆ ಅಲ್ಯೂಮಿನಿಯಂ ತಗಡು. ತಗಡು ಬಹುಮಟ್ಟಿಗೆ ಚಪ್ಪಟೆ, ಯಾಕೆಂದರೆ ಬಾಗಿದ ತಗಡಿಗೆ ಖರ್ಚು ಹೆಚ್ಚು. ಪಂಜರ ತೆಳುವಾಗಿದ್ದರೂ ಬಾಗದಿರುವುದಕ್ಕೆ ಕಾರಣ ತ್ರಿಕೋನ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಡಕೆ ಮರದ ನಾಲ್ಕು ಸೀಳುಗಳನ್ನು ಮೂಲೆಗೊಂದೊಂದು ಮೊಳೆ ಹೊಡೆದು ಚೌಕ ಮಾಡಿ. ಕೈಯಿಂದ ಒತ್ತಿದರೆ ಚೌಕ ವಾಲುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಸೀಳೊಂದನ್ನು ಅಡ್ಡ ಹೊಡೆಯಿರಿ. ಈಗ ಅದು ಅಲುಗುವುದಿಲ್ಲ. ಅಂಗಳದ ಚಪ್ಪರಕ್ಕೆ ನಮ್ಮ ಹಿರಿಯರು ಓರೆಗಂಬ ಕೊಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಐದನೆಯ ಸೀಳಿನ ತೂಕ ಅತ್ಯಲ್ಪ, ಅದು ಕೊಡುವ ಬಲ ಬಹಳ.

ಹೀಗೆ ಮಾಡಿದ ಕಾರಿನ ತೂಕ ಸುಮಾರು 500 ಕಿಲೋ. ನಮ್ಮ ರಸ್ತೆಯಲ್ಲಿ ಓಡುತ್ತಿದ್ದ ಅಂಬಾಸಿಡರಿಗೆ ಸಾವಿರ ಕಿಲೋ ಮೀರಿದ ತೂಕ, 1489 ಸಿ.ಸಿ. ಇಂಜಿನು, ಸುಮಾರು 50 ಅಶ್ವಶಕ್ತಿ. ಮೊದಲ ಸೆವೆನ್ನಿಗೆ ಇದ್ದದ್ದು ಫೋರ್ಡ್ ಕಂಪೆನಿಯ ಅಗ್ಗದ ಕಾರುಗಳಿಗೆ ಹಾಕುತ್ತಿದ್ದ 1172 ಸಿ.ಸಿ. ಇಂಜಿನು, ಸುಮಾರು 40 ಅಶ್ವಶಕ್ತಿ. ಅಂದರೆ ಅಂಬಾಸಿಡರಿನ ಇಂಜಿನೇ ದೊಡ್ಡದು. ಆದರೆ ಒಂದು ಅಶ್ವಶಕ್ತಿಯ ಪಾಲಿಗೆ ಬರುವ ಹೊರೆ ನೋಡಿದರೆ ಅಂಬಾಸಿಡರಿನಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚು, ಸೆವೆನ್ನಿನಲ್ಲಿ ಹನ್ನೆರಡೂವರೆ. ಒಂದು ಮೂಟೆ ಅಡಕೆ ಹೊತ್ತು ಗುಡ್ಡ ಹತ್ತುವುದಕ್ಕೂ ಅರ್ಧ ಮೂಟೆ ಹೊತ್ತು ಹತ್ತುವುದಕ್ಕೂ ಇರುವ ವ್ಯತ್ಯಾಸ ತೋಟದಲ್ಲಿ ದುಡಿದವರಿಗೆ ವಿವರಿಸಬೇಕಾಗಿಲ್ಲ.

ಹಗುರದಿಂದ ಇನ್ನೂ ಒಂದು ಲಾಭ ಉಂಟು. ಅದನ್ನು ಗ್ಯಾರೇಜಿನವ ಒತ್ತಿ ಹೇಳಬೇಕೆನ್ನುತ್ತಾನೆ. ಕಾರು ಹಗುರವಾದರೆ ಅದನ್ನು ನಿಲ್ಲಿಸಲು ಸಣ್ಣ ಬ್ರೇಕು ಸಾಕು. ಟಯರು ಕಿರಿದಾದರೂ ನಡೆಯುತ್ತದೆ. ಸ್ಪ್ರಿಂಗು ಮೃದುವಾದರೂ ತಡೆಯುತ್ತದೆ. ಅವೆಲ್ಲ ಸಣ್ಣದಾದಾಗ ಕಾರು ಮತ್ತಷ್ಟು ಹಗುರ. ಸಾಲದಂತೆ ಒಂದು ಸಾಲ ಇನ್ನೊಂದಕ್ಕೆ ದಾರಿ ಮಾಡುತ್ತದಲ್ಲ, ಇದು ಅದರ ಉಲ್ಟಾ. (ಈ ಹೋಲಿಕೆ ಬ್ಯಾಂಕಿನವನದು.)

ಆದರೆ ಹೊಗಳಿಕೆಗೂ ಮಿತಿ ಬೇಕು. 1958ರಲ್ಲಿ ಇಂಗ್ಲೆಂಡಿನ 'ದಿ ಮೋಟರ್' ಪತ್ರಿಕೆಯವರು ಈ ಕಾರನ್ನು ಓಡಿಸಿ ಪರೀಕ್ಷಿಸಿದರು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು 16.2 ಸೆಕೆಂಡು ಹಿಡಿಯಿತು. ಅತಿ ಹೆಚ್ಚಿನ ವೇಗ 80.4 ಮೈಲಿ, ಅಂದರೆ ಸುಮಾರು 129 ಕಿಲೋಮೀಟರು. ಓಟದ ಕಾರು ಎಂದು ಹೆಸರು, ವೇಗ ಇಷ್ಟೇಯೋ ಎಂದು ಈಗಿನ ಹುಡುಗರು ನಗಬಹುದು. ತೂಕ ಕಡಿಮೆಯಾದರೆ ಹೊರಡುವುದು, ತಿರುಗುವುದು, ನಿಲ್ಲುವುದು ಸುಲಭ. ಆದರೆ ವೇಗ ಏರಿದಂತೆ ಎದುರಾಗುವ ಶತ್ರು ಗಾಳಿ. ಗಾಳಿಗೆ ಕಾರಿನ ತೂಕ ಬೇಕಾಗಿಲ್ಲ, ಅದು ಆಕಾರವನ್ನು ಕೇಳುತ್ತದೆ. ಹೊರಗೆ ಚಾಚಿದ ಚಕ್ರ, ನೆಟ್ಟಗೆ ನಿಂತ ಗಾಜು ಇರುವ ಸೆವೆನ್ ಗಾಳಿಯ ಮುಂದೆ ಬಾಗಿಲು ಹೊತ್ತು ನಡೆದಂತೆ. 1961ರಲ್ಲಿ ಕಾಸ್‌ವರ್ತ್ ಎಂಬವರು ಹದಗೊಳಿಸಿದ 1340 ಸಿ.ಸಿ. ಇಂಜಿನನ್ನು ಇಟ್ಟು 85 ಅಶ್ವಶಕ್ತಿ ಕೊಟ್ಟ ಮೇಲೆ ಅದರ ಓಟಕ್ಕೆ ಕಳೆ ಬಂದಿತು.

ಈಗ ಕಥೆಗೆ ಬರೋಣ.

ಕ್ರಿಸ್ಮಸ್ ಪರೀಕ್ಷೆ ಮುಗಿದು ಶಾಲೆ ತೆರೆದಾಗ ಗ್ಯಾರೇಜಿನವ ಬರಲಿಲ್ಲ. ಒಂದು ದಿನವಾಯಿತು, ಒಂದು ವಾರವಾಯಿತು. ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರವಿಲ್ಲ. ಬೆಂಚಿನ ಆ ತುದಿ ಖಾಲಿ. ಅವನ ಮನೆ ತೋಟದವನ ಮನೆಯಿಂದ ಒಂದೂವರೆ ಮೈಲಿ ದೂರವೂ ಇರಲಿಲ್ಲ. ತೋಟದವ ಹೋಗಿ ಕೇಳಲಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ನಾಚಿ ಅಡಗಿದ್ದಾನೆ ಎಂದು ತನ್ನ ಪಕ್ಷದವರಲ್ಲಿ ಹೇಳಿದ. ಇದನ್ನು ಬರೆಯುವಾಗ ಲೇಖನಿ ಹಿಡಿದವನಿಗೆ ಸುಖವಾಗುತ್ತಿಲ್ಲ. ಬಿಟ್ಟುಬಿಡು ಎಂದು ಪಕ್ಕದವನು ಹೇಳುತ್ತಿದ್ದಾನೆ. ಆದರೂ ಬರೆದಾಯಿತು.

ನಡೆದದ್ದು ಇಷ್ಟು. ಡಿಸೆಂಬರಿನ ಕೊನೆಯಲ್ಲಿ ಗ್ಯಾರೇಜಿನಲ್ಲಿ ಒಂದು ಜೀಪನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಜಾಕು ಜಾರಿತು. ಅಪ್ಪನ ಬಲಗೈ ಸಿಕ್ಕಿಹಾಕಿಕೊಂಡು ಎರಡು ಕಡೆ ಮೂಳೆ ಮುರಿಯಿತು. ಕೈಗೆ ಕಟ್ಟು ಹಾಕಿ ಮನೆಗೆ ಕಳುಹಿಸಿದರು. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಎರಡು ಗಾಡಿ, ಮುಂಗಡ ಕೊಟ್ಟ ಗಿರಾಕಿಗಳು, ಮನೆಯಲ್ಲಿ ಐದು ಜನ. ಹದಿನೈದು ವರ್ಷದ ಮಗ ಪುಸ್ತಕ ಕಟ್ಟಿಟ್ಟು ಸ್ಪ್ಯಾನರು ಹಿಡಿದ. ಯಾರಿಗೂ ಹೇಳಿ ಕಳುಹಿಸಲಿಲ್ಲ. ಹೇಳಿ ಕಳುಹಿಸಬೇಕಾಗಿದ್ದವನ ಜೊತೆ ಮಾತಿರಲಿಲ್ಲ.

ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಗದಕ್ಕೆ ಅವನ ಸಹಿ ಬೇಕಾಗಿ ಬಂತು. ಲೆಕ್ಕದ ಮಾಸ್ತರರು ತೋಟದವನನ್ನು ಕರೆದು, "ನೀನು ಅವನ ಜೊತೆಗಾರನಲ್ಲವೋ? ನಡೆ, ಸಂಜೆ ಹೋಗುವಾ" ಎಂದರು. ಜೊತೆಗಾರ ಎಂಬ ಮಾತಿಗೆ ತಲೆ ತಗ್ಗಿಸಿ ಹಿಂದೆ ಹೊರಟ. ಏನೆನ್ನಿಸಿತೋ, ಲೆಕ್ಕದ ಪುಸ್ತಕದ ಹೊದಿಕೆಯೊಳಗೆ ಇಟ್ಟಿದ್ದ ಆ ಅರ್ಧ ಹಾಳೆಯನ್ನೂ ಕಿಸೆಗೆ ಹಾಕಿಕೊಂಡ.

ಗ್ಯಾರೇಜಿನಲ್ಲಿ ಕಂಡದ್ದು ಜೀಪಿನ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು. ಗೋಣಿಯ ಮೇಲೆ ಮಲಗಿ ಏನೋ ಬಿಗಿಯುತ್ತಿದ್ದ. ಬದಿಯಲ್ಲಿ ಸ್ಟೂಲಿನ ಮೇಲೆ ಅವನ ಅಪ್ಪ, ಕುತ್ತಿಗೆಗೆ ಕೈ ಕಟ್ಟಿಕೊಂಡು, ಹೇಗೆ ಬಿಗಿಯಬೇಕೆಂದು ಬಾಯಲ್ಲಿ ಹೇಳುತ್ತಿದ್ದರು. ಮಾಸ್ತರರನ್ನು ಕಂಡು ಏಳಲು ಹೋದರು. ಇವರು ಹೆಗಲು ಒತ್ತಿ ಕೂರಿಸಿದರು. ಹುಡುಗ ಜೀಪಿನ ಅಡಿಯಿಂದ ಹೊರಬಂದು ನಿಂತ. ಕೈ ಹಿಂದೆ ಕಟ್ಟಿಕೊಂಡಿದ್ದ, ಕರಿ ಕಾಣಬಾರದೆಂದು.

ಅವನ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರಿನ ಬದಿಗೆ ಹಿಂದಿನ ಚಕ್ರದ ಆ ಅರ್ಧ ಹಾಳೆ ಅಂಟಿಸಿತ್ತು.

ತೋಟದವನಿಗೆ ಹೇಳಬೇಕಾದ ಮಾತು ಬೇರೆ ಇತ್ತು. ಬಾಯಿಗೆ ಬರಲಿಲ್ಲ. ಕಿಸೆಯಿಂದ ತನ್ನ ಅರ್ಧ ತೆಗೆದು ಗೋಡೆಯ ಅರ್ಧಕ್ಕೆ ತಾಗಿಸಿ ಹಿಡಿದ. ಹರಿದ ಅಂಚು ಕೂಡಿತು. ಪಟ್ಟಿಯ ಎಡಗಡೆ 'ಕಂಪ್ಲೀಟ್' ಎಂಬ ತಲೆಬರಹದಡಿ 1036. ಬಲಗಡೆ 'ಕಿಟ್' ಎಂಬುದರಡಿ 536. ಕೆಳಗಿನ ಸಣ್ಣ ಅಕ್ಷರದ ಸಾಲಿನಲ್ಲಿ 'ಪರ್ಚೇಸ್' ಎಂಬುದು ಒಂದು ತುಂಡಿನಲ್ಲಿ ಇತ್ತು, 'ಟ್ಯಾಕ್ಸ್' ಎಂಬುದು ಇನ್ನೊಂದರಲ್ಲಿ.

ಮಾಸ್ತರರು ಓದಿ, ಕನ್ನಡಕ ತೆಗೆದು, ನಮ್ಮಿಬ್ಬರನ್ನೂ ನೋಡಿದರು. "ಜೋಡಿಸಿದ ಕಾರಿಗೆ ಒಂದು ಬೆಲೆ, ಬಿಡಿ ಸಾಮಾನಿಗೆ ಒಂದು ಬೆಲೆ. ಇದಕ್ಕಾ ನೀವು ಭಿತ್ತಿಪತ್ರಿಕೆ ಹಾಳು ಮಾಡಿದ್ದು?" ಎಂದರು. ರೂಪಾಯಿಗೆ ತಿರುಗಿಸಿ ಲೆಕ್ಕ ಮಾಡಿರೆಂದು ಅಲ್ಲೇ ಸೀಮೆಸುಣ್ಣ ಕೊಟ್ಟರು. ಅವರ ಕಿಸೆಯಲ್ಲಿ ಯಾವಾಗಲೂ ಇರುತ್ತಿತ್ತು. 1957ರಲ್ಲಿ ಒಂದು ರೂಪಾಯಿಗೆ ಒಂದೂವರೆ ಶಿಲಿಂಗು, ಅಂದರೆ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ. ಜೀಪಿನ ಬಾಗಿಲಿನ ಮೇಲೆ ಲೆಕ್ಕ ನಡೆಯಿತು. ಜೋಡಿಸಿದ ಕಾರು 13,813 ರೂಪಾಯಿ, ಬಿಡಿ ಸಾಮಾನು 7,147 ರೂಪಾಯಿ. ಉತ್ತರ ಮೊದಲು ತಂದವನು ಗ್ಯಾರೇಜಿನವ.

ಅವನ ಅಪ್ಪ ಕೇಳಿದರು, "ಹಾಗಾದರೆ ಜೋಡಿಸುವ ಕೂಲಿ ಆರು ಸಾವಿರದ ಆರುನೂರಾ? ಅಷ್ಟು ಕೂಲಿ ಕೊಡುವ ಊರಾದರೆ ಈ ಕೈ ಸರಿಯಾದ ಕೂಡಲೇ ನಾನು ಹೊರಟೆ."

"ಕೂಲಿ ಅಲ್ಲ, ಅದು ತೆರಿಗೆ" ಎಂದರು ಮಾಸ್ತರರು.

"ಹಾಗೆ ಹೇಳಿ" ಎಂದು ಅವರು ನಕ್ಕರು. ಆ ಗ್ಯಾರೇಜಿನಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು ಅದೆಂದು ಗ್ಯಾರೇಜಿನವ ಈಗ ಹೇಳುತ್ತಾನೆ.

ಇಂಗ್ಲೆಂಡಿನಲ್ಲಿ ಆಗ ಪರ್ಚೇಸ್ ಟ್ಯಾಕ್ಸ್ ಎಂಬ ತೆರಿಗೆ ಇತ್ತು. 1940ರಲ್ಲಿ, ಯುದ್ಧಕಾಲದಲ್ಲಿ, ಶುರುವಾದದ್ದು. 1957ರ ಹೊತ್ತಿಗೆ ಕಾರಿನ ಸಗಟು ಬೆಲೆಯ ಮೇಲೆ ಶೇಕಡಾ 60. ಪೂರ್ಣವಾಗಿ ಜೋಡಿಸಿದ ಕಾರಿಗೆ ಅದು ಬೀಳುತ್ತಿತ್ತು. ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ತಂದು ಕೊಂಡವನೇ ತನ್ನ ಶೆಡ್ಡಿನಲ್ಲಿ ಜೋಡಿಸಿಕೊಂಡರೆ ತೆರಿಗೆ ಇಲ್ಲ. ಹಾಗೆಂದು ಜೋಡಿಸುವ ಕ್ರಮ ಬರೆದ ಪುಸ್ತಕವನ್ನು ಜೊತೆಗೆ ಕೊಡುವಂತಿಲ್ಲ. ಲೋಟಸಿನವರು ಇದಕ್ಕೊಂದು ಉಪಾಯ ಮಾಡಿದರು ಎಂಬುದು ಮೋಟಾರು ಪ್ರಿಯರಲ್ಲಿ ಪ್ರಸಿದ್ಧವಾದ ಕಥೆ. ಜೋಡಿಸುವ ಪುಸ್ತಕ ಕೊಡಬಾರದೆಂದು ಕಾನೂನು ಹೇಳಿತ್ತು. ಬಿಚ್ಚುವ ಪುಸ್ತಕದ ಬಗ್ಗೆ ಏನೂ ಹೇಳಿರಲಿಲ್ಲ. ಅವರು ಕಾರನ್ನು ಬಿಚ್ಚುವುದು ಹೇಗೆಂದು ಬರೆದು ಕೊಟ್ಟರು. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡ.

ಬೆಲೆಯ ವಿಷಯ ಇಲ್ಲಿಗೆ ಮುಗಿಯಿತೆಂದು ನಾವು ಬಹುಕಾಲ ತಿಳಿದಿದ್ದೆವು. ಕೆಲವು ವರ್ಷಗಳ ಹಿಂದೆ ಬ್ಯಾಂಕಿನವನಿಗೆ ಒಂದು ಸಂಶಯ ಬಂತು. 1958ರಲ್ಲಿ ಪರೀಕ್ಷೆಗೆ ಬಂದ ಕಾರಿನ ಬೆಲೆ 1157 ಪೌಂಡು, ಅದರಲ್ಲಿ 386 ಪೌಂಡು ತೆರಿಗೆ. ತೆರಿಗೆ ಕಳೆದರೆ 771. ಅಂದರೆ ತೆರಿಗೆ ಮೂಲ ಬೆಲೆಯ ಅರ್ಧ, ಒಟ್ಟು ಬೆಲೆಯ ಮೂರನೆಯ ಒಂದು ಪಾಲು. ಅದೇ ಪ್ರಮಾಣವನ್ನು 1036ಕ್ಕೆ ಹಚ್ಚಿದರೆ ತೆರಿಗೆ ಸುಮಾರು 345 ಪೌಂಡು ಆಗಬೇಕು. ಎರಡು ಬೆಲೆಗಳ ಅಂತರವಾದರೋ 500. ಉಳಿದ 155 ಎಲ್ಲಿಗೆ ಹೋಯಿತು? ಕಾರ್ಖಾನೆಯಲ್ಲಿ ಜೋಡಿಸಿದ ಕೆಲಸಕ್ಕೆ ಮತ್ತು ಅದರ ಮೇಲಿನ ಲಾಭಕ್ಕೆ ಹೋಗಿರಬೇಕು, ಬೇರೆ ದಾರಿ ಕಾಣುವುದಿಲ್ಲ. ಅಂದರೆ ಸ್ಟೂಲಿನ ಮೇಲೆ ಕುಳಿತು ಅವನ ಅಪ್ಪ ಹೇಳಿದ್ದು ಪೂರ್ತಿ ತಮಾಷೆಯಾಗಿರಲಿಲ್ಲ, ಮಾಸ್ತರರ ಉತ್ತರ ಪೂರ್ತಿ ಸರಿಯಾಗಿರಲಿಲ್ಲ. ಕೂಲಿಯೂ ಇತ್ತು. ಈ ಲೆಕ್ಕ ಸಿಕ್ಕಿದಾಗ ಹೇಳಿಬರುವುದಕ್ಕೆ ಅವರಿಬ್ಬರಲ್ಲಿ ಯಾರೂ ಉಳಿದಿರಲಿಲ್ಲ.

ಆ ಸಂಜೆ ಕಾಗದಕ್ಕೆ ಸಹಿ ಆಯಿತು. ಆದರೆ ಮಾರ್ಚಿನ ಪರೀಕ್ಷೆಗೆ ಅವನು ಕೂರಲಿಲ್ಲ. ಅಪ್ಪನ ಕೈ ಕೂಡಿಬರಲು ತಿಂಗಳುಗಳೇ ಹಿಡಿದವು, ಕೂಡಿದ ಮೇಲೂ ಮೊದಲಿನ ಬಿಗಿ ಬರಲಿಲ್ಲ. ಮಾಸ್ತರರು ವಾರಕ್ಕೆರಡು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಗ್ಯಾರೇಜಿಗೆ ಬಂದು ಲೆಕ್ಕ ಹೇಳಿಕೊಟ್ಟರು. ತೋಟದವ ತನ್ನ ನೋಟು ಪುಸ್ತಕಗಳನ್ನು ಕೊಟ್ಟ. ಮುಂದಿನ ವರ್ಷ, 1987ರ ಮಾರ್ಚಿನಲ್ಲಿ, ಖಾಸಗಿಯಾಗಿ ಕುಳಿತು ಪಾಸಾದ. ಅಷ್ಟರಲ್ಲಿ ತೋಟದವ ಕಾಲೇಜು ಸೇರಿ ಒಂದು ವರ್ಷ ಆಗಿತ್ತು.

ಮೊದಲೇ ಹೋಗಿ ವಿಚಾರಿಸಿದ್ದರೆ, ಮಾಸ್ತರರಿಗೆ ಒಂದು ಮಾತು ಮುಟ್ಟಿಸಿದ್ದರೆ, ಆ ಒಂದು ವರ್ಷ ಉಳಿಯುತ್ತಿತ್ತೋ ಏನೋ. ಉಳಿಯುತ್ತಿರಲಿಲ್ಲ, ಮನೆಯ ಸ್ಥಿತಿಯೇ ಹಾಗಿತ್ತು ಎನ್ನುತ್ತಾನೆ ಗ್ಯಾರೇಜಿನವ. ಉಳಿಯುತ್ತಿತ್ತು ಎಂದು ಇನ್ನೊಬ್ಬನ ವಾದ. ಈ ಒಂದು ಲೆಕ್ಕಕ್ಕೆ ನಮ್ಮಲ್ಲಿ ಈಗಲೂ ಎರಡು ಉತ್ತರ ಉಂಟು. ಹದಿನೈದು ದಿನ ವಿಚಾರಿಸಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆವು. ಈ ಲೇಖನಕ್ಕಾಗಿ ಕುಳಿತು ಎಣಿಸಿದಾಗ ಅದು ಇಪ್ಪತ್ತೆರಡು ದಿನವೆಂದು ಗೊತ್ತಾಯಿತು.

ಕಾರಿನ ಮುಂದಿನ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇವೆ. 1973ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಸರಕಾರ ಪರ್ಚೇಸ್ ಟ್ಯಾಕ್ಸನ್ನು ತೆಗೆದು ವ್ಯಾಟ್ ತಂದಿತು. ಬಿಡಿಯಾಗಿ ತಂದರೆ ತೆರಿಗೆ ಇಲ್ಲವೆಂಬ ಅನುಕೂಲ ತಪ್ಪಿತು. ಅದೇ ವರ್ಷ ಲೋಟಸ್ ಕಂಪೆನಿ ಸೆವೆನ್ ಮಾಡುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಮಾರಿತು. ಅಷ್ಟರವರೆಗೆ ಲೋಟಸಿನವರು ಮಾಡಿದ ಸೆವೆನ್‌ಗಳು ಒಟ್ಟು ಸುಮಾರು ಎರಡೂವರೆ ಸಾವಿರ ಮಾತ್ರ. ತೆರಿಗೆಯ ಲಾಭ ಹೋದ ಮೇಲೆ ಬಿಡಿ ಸಾಮಾನು ಯಾರಿಗೆ ಬೇಕು ಎಂದು ನಾವಾಗಿದ್ದರೆ ಅಂಗಡಿ ಮುಚ್ಚುತ್ತಿದ್ದೆವು. ಕೇಟರ್‌ಹ್ಯಾಮಿನವರು ಅದನ್ನು ಬಿಡಿಯಾಗಿಯೂ ಮಾರಿಕೊಂಡೇ ಬಂದರು. ತನ್ನ ಕೈಯಿಂದ ಜೋಡಿಸಿದ್ದನ್ನು ಓಡಿಸಬೇಕೆಂಬ ಆಸೆಗೆ ತೆರಿಗೆ ಕಾರಣವಾಗಿರಲಿಲ್ಲ ಎಂದು ಕಾಣುತ್ತದೆ.

2021ರಲ್ಲಿ ಅವರು 170 ಎಂಬ ಸಂಖ್ಯೆಯ ಸೆವೆನ್ ಹೊರತಂದರು. ಅದರ ವಿವರಗಳನ್ನು ತೋಟದವ ಫೋನಿನಲ್ಲಿ ಕಂಡು, ಬ್ಯಾಂಕು ಬಿಟ್ಟ ಕೂಡಲೇ ಗ್ಯಾರೇಜಿಗೆ ಹೋಗಿ ಓದಿ ಹೇಳಿದ. ತೂಕ 440 ಕಿಲೋ. ಅಗಲ ಒಂದೂವರೆ ಮೀಟರಿನೊಳಗೆ. ನಿಂತಲ್ಲಿಂದ 60 ಮೈಲಿ ವೇಗಕ್ಕೆ 6.9 ಸೆಕೆಂಡು. ಬಿಡಿ ಸಾಮಾನಿನ ಬೆಲೆ 22,990 ಪೌಂಡಿನಿಂದ ಶುರು. ಇಂಜಿನು 660 ಸಿ.ಸಿ., ಮೂರು ಸಿಲಿಂಡರು, ಟರ್ಬೊ, 84 ಅಶ್ವಶಕ್ತಿ, ಸುಜುಕಿ.

"ಯಾವ ಕಂಪೆನಿ?" ಎಂದು ಗ್ಯಾರೇಜಿನವ ಮತ್ತೆ ಕೇಳಿದ.

"ಸುಜುಕಿ."

ಅವನು ಎದುರಿಗಿದ್ದ ಹಳೆಯ ಓಮ್ನಿಯ ಕಡೆ ನೋಡಿದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಂದಿನಿಂದ ನಮ್ಮ ದೇಶದ ಗ್ಯಾರೇಜುಗಳು ಬಿಚ್ಚಿ ಜೋಡಿಸಿದ್ದು ಸುಜುಕಿಯ ಮೂರು ಸಿಲಿಂಡರನ್ನೇ. 796 ಸಿ.ಸಿ.ಯ ಆ ಇಂಜಿನನ್ನು ಎಷ್ಟು ಸಲ ಇಳಿಸಿ ಏರಿಸಿದ್ದೇನೆಂದು ಅವನೇ ಲೆಕ್ಕ ಇಟ್ಟಿಲ್ಲ. ಟರ್ಬೊ ಇಂಜಿನು ಅದಲ್ಲ, ಬಹಳ ಹೊಸದು. ಆದರೂ ಮನೆತನ ಒಂದೇ. ಅಂತೂ ಹಿಂದಿನ ಆಕ್ಸಲೂ ಸುಜುಕಿಯದೇ ಎಂದು ಓದಿದಾಗ ಅವನಿಗೆ ಬಹಳ ಸಂತೋಷವಾಯಿತು. "ಹಾಗಾದರೆ ಅದು ಇಲ್ಲಿಗೆ ಬಂದರೂ ನಾನು ನೋಡಿಕೊಂಡೇನು" ಎಂದ. ಅಜ್ಜಿ ಕೇಳಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಬಟ್ಟೆಯ ಮಾಡೊಂದನ್ನು ಎಳೆದು ಕಟ್ಟಬಹುದಂತೆ. ನಮ್ಮ ಆಟಿಯ ಮಳೆಗೆ ಅದು ಸಾಲುತ್ತದೆಂದು ನಮಗೆ ನಂಬಿಕೆ ಇಲ್ಲ.

ತೋಟದವನ ಅರ್ಧ ಹಾಳೆಯನ್ನು ಹಳೆಯ ಪುಸ್ತಕಗಳೊಂದಿಗೆ ಗೆದ್ದಲು ತಿಂದಿತು. ಗೋಡೆಯ ಅರ್ಧ ಹಳದಿಯಾಗಿ, 536 ಎಂಬ ಅಂಕೆ ಮಾತ್ರ ಹತ್ತಿರ ಹೋದರೆ ಕಾಣುವಂತೆ ಉಳಿದಿದೆ. ಗ್ಯಾರೇಜಿಗೆ ಕಲಿಯಲು ಬರುವ ಹುಡುಗರು ಅದೇನೆಂದು ಕೇಳುತ್ತಾರೆ. ಅವರಿಗೆಲ್ಲ ಅಲ್ಲಿ ಒಂದು ನಿಯಮ ಉಂಟು. ಏನನ್ನೇ ಬಿಚ್ಚಿದರೂ ಯಾವುದರ ನಂತರ ಯಾವುದು ಎಂದು ನೋಟು ಪುಸ್ತಕದಲ್ಲಿ ಬರೆಯಬೇಕು, ಕನ್ನಡದಲ್ಲಿ, ತಪ್ಪಿಲ್ಲದೆ. ಜೋಡಿಸುವಾಗ ಕೊನೆಯ ಸಾಲಿನಿಂದ ಮೇಲಕ್ಕೆ ಓದಿದರಾಯಿತು. ಫೋನಿನಲ್ಲಿ ಫೋಟೊ ತೆಗೆದರೆ ಸಾಲದೇ ಎಂದು ಕಳೆದ ವರ್ಷ ಒಬ್ಬ ಕೇಳಿದ. ತೆಗೆ, ಆದರೆ ಬರೆಯಲೂ ಬೇಕು ಎಂದು ಉತ್ತರ ಸಿಕ್ಕಿತು.

ಈ ಬೇಸಗೆ ರಜೆಯಲ್ಲಿ ಆ ಓಮ್ನಿಯ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಲಿಕ್ಕುಂಟು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಹೆತ್ತವರ ಒಪ್ಪಿಗೆ ಪಡೆದು ನೋಡಲು ಬರಬಹುದು. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಜಾಕಿನ ಜೊತೆ ಮರದ ದಿಮ್ಮಿ ಇಡದೆ ಯಾವ ಗಾಡಿಯ ಅಡಿಗೂ ಯಾರನ್ನೂ ಬಿಡುವುದಿಲ್ಲ. ನೋಟು ಪುಸ್ತಕ, ಪೆನ್ಸಿಲು ನೀವೇ ತರಬೇಕು. ಚಾ ಗ್ಯಾರೇಜಿನ ಕಡೆಯಿಂದ.